ಉತ್ತರ ದಂಡೆಯಿಂದ ವಿಜಯನಗರಕ್ಕೆ: ಒಂದು ಹಗಲಿನ ದರ್ಶನ

ಹಂಪೆಯನ್ನು ನೋಡಲು ಬರುವವರಲ್ಲಿ ಬಹುಮಂದಿ ಹೊಸಪೇಟೆಯ ಕಡೆಯಿಂದ ಬಂದು, ವಿರೂಪಾಕ್ಷನ ಗೋಪುರದ ಮುಂದೆ ಇಳಿದು, ಕಲ್ಲಿನ ರಥದ ಬಳಿ ಫೋಟೋ ತೆಗೆಸಿಕೊಂಡು ಸಂಜೆಗೆ ಹಿಂದಿರುಗುವರು. ಆದರೆ ಸಿದ್ದಾಪುರ, ಕಾರಟಗಿ, ಗಂಗಾವತಿಗಳ ಸೀಮೆಯವರಿಗೆ ಬೇರೆಯವರಿಗಿಲ್ಲದ ಒಂದು ಭಾಗ್ಯವುಂಟು: ವಿಜಯನಗರ ಸಾಮ್ರಾಜ್ಯವು ಯಾವ ದಿಕ್ಕಿನಿಂದ ಬೆಳೆಯಿತೋ ಅದೇ ದಿಕ್ಕಿನಿಂದ, ಎಂದರೆ ಉತ್ತರದ ಆನೆಗೊಂದಿಯಿಂದ ಹೊರಟು, ನದಿಯನ್ನು ದಾಟಿ, ರಾಜಧಾನಿಯನ್ನು ಪ್ರವೇಶಿಸುವ ದಾರಿಯು ಅವರ ಮನೆಬಾಗಿಲಿನಿಂದಲೇ ಆರಂಭವಾಗುವುದು. ಸೂರ್ಯೋದಯಕ್ಕೆ ಹೊರಟರೆ, ಒಂದೇ ಹಗಲಿನಲ್ಲಿ, ಆಯಾಸವಿಲ್ಲದೆ, ಆ ಮಹಾನಗರದ ಮುಖ್ಯಾಂಗಗಳನ್ನೆಲ್ಲ ಕ್ರಮವರಿತು ನೋಡಿ ಬರಬಹುದು. ಆ ಕ್ರಮವನ್ನು ವಿವರಿಸುವುದೂ, ನೋಡುವಾಗ ಯಾವುದರ ಮೇಲೆ ಕಣ್ಣಿಡಬೇಕೆಂಬುದನ್ನು ಸೂಚಿಸುವುದೂ ಈ ಲೇಖನದ ಉದ್ದೇಶ.

ಸಿದ್ದಾಪುರದಿಂದ ಶ್ರೀರಾಮನಗರವನ್ನು ಹಾದು ಗಂಗಾವತಿಯ ಕಡೆಗೆ ಸಾಗುವಾಗ ಇಕ್ಕೆಲಗಳಲ್ಲಿಯೂ ಕಾಣುವುದು ಭತ್ತದ ಗದ್ದೆ, ಕ್ಯಾಂಪುಗಳು, ರೈಸ್ ಮಿಲ್ಲುಗಳು. ಈ ಹಸುರು 1953ರಲ್ಲಿ ನೀರು ಹಿಡಿದ ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆಯ ಪ್ರಸಾದ. ಪ್ರವಾಸಿಯು ಇದನ್ನು ದಾರಿಯ ನೋಟವೆಂದು ಉಪೇಕ್ಷಿಸಬಾರದು. ಏಕೆಂದರೆ ಇದೇ ನದಿಯ ನೀರನ್ನು ಕಲ್ಲಿನ ಅಣೆಗಳಿಂದ ತಡೆದು, ಬಂಡೆಗಳ ನಡುವೆ ಕಾಲುವೆಯಾಗಿ ತಿರುಗಿಸಿ, ಗದ್ದೆಗೂ ಅರಮನೆಗೂ ದೇವರ ಅಡಿಗೆಮನೆಗೂ ಹರಿಸಿದ ಜನರ ಊರನ್ನೇ ನಾವು ನೋಡಲು ಹೊರಟಿರುವುದು. ಆನೆಗೊಂದಿ ಕಾಲುವೆ, ಮೇಲಿನ ಗಂಗಾವತಿ ಮತ್ತು ಕೆಳಗಿನ ಗಂಗಾವತಿ ಕಾಲುವೆಗಳು ವಿಜಯನಗರದ ಕಾಲುವೆಗಳೆಂದೇ ಪ್ರಸಿದ್ಧವಾಗಿ ಇಂದಿಗೂ ಎಡದಂಡೆಯ ಹೊಲಗಳಿಗೆ ನೀರುಣಿಸುತ್ತಿವೆ. ವಿಜಯನಗರವನ್ನು ಅದರ ನೀರಿನ ಜಾಡಿನಲ್ಲಿ ನೋಡಿದವನಿಗೆ ಮಾತ್ರ ಅದು ಇಡಿಯಾಗಿ ಕಾಣುವುದೆಂಬುದು ಈ ಲೇಖಕನ ನಂಬಿಕೆ.

ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿಯಲ್ಲಿ ಬಂಡೆಯ ಮೇಲೆ ಬಂಡೆಯನ್ನು ಪೇರಿಸಿಟ್ಟಂತಹ ಗುಡ್ಡಗಳು ಆರಂಭವಾಗುವುವು. ಈ ಗುಡ್ಡಗಳೇ ಇಲ್ಲಿಯ ಮೊದಲ ಕೋಟೆ. ಮನುಷ್ಯರು ಕಟ್ಟಿದ ಗೋಡೆಗಳು ಇವುಗಳ ನಡುವಣ ತೆರಪನ್ನು ಮುಚ್ಚಿದುವು, ಅಷ್ಟೆ. ಗಂಗಾವತಿ ತಾಲ್ಲೂಕಿನ ಕುಮ್ಮಟದುರ್ಗವನ್ನು ಆಶ್ರಯಿಸಿ ಹೋರಾಡಿದ ಕಂಪಿಲಿಯ ರಾಜ್ಯವು, ಗಂಡುಗಲಿ ಕುಮಾರರಾಮನ ಕೀರ್ತಿಯನ್ನು ಮಾತ್ರ ಉಳಿಸಿ, 1327ರ ಸುಮಾರಿಗೆ ದಿಲ್ಲಿಯ ಸೈನ್ಯಕ್ಕೆ ಬಲಿಯಾದ ಮೇಲೆ, ಈ ಪ್ರದೇಶದಲ್ಲಿಯೇ ಸಂಗಮ ವಂಶದ ಹರಿಹರ ಬುಕ್ಕರು ತಲೆಯೆತ್ತಿದರು. ಪರಂಪರೆಯು 1336ನ್ನು ಸ್ಥಾಪನೆಯ ವರ್ಷವೆಂದು ಎಣಿಸುವುದು. ಸಂಗಮ, ಸಾಳುವ, ತುಳುವ, ಅರವೀಡು ಎಂಬ ನಾಲ್ಕು ವಂಶಗಳು ಒಂದಾದ ಮೇಲೊಂದು ಆಳಿದುವು; ಅವುಗಳಲ್ಲಿ ಮೊದಲ ಮೂರು ಮೆರೆದದ್ದು ಈ ನದಿಯ ತೀರದಲ್ಲಿ.

ಬೆಳಗಿನ ಹೊತ್ತನ್ನು ಆನೆಗೊಂದಿಗೆ ಮೀಸಲಿಡಬೇಕು. ಕಾಲಿನಲ್ಲಿ ಬಲವಿದ್ದವರು ಬಿಸಿಲೇರುವ ಮೊದಲೇ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲುಗಳನ್ನು ಹತ್ತಿದರೆ, ಇಡೀ ರಾಜಧಾನಿಯ ಭೂಪಟವು ಕಣ್ಣೆದುರಿಗೆ ಹರಡಿಕೊಳ್ಳುವುದು: ಕೆಳಗೆ ಬಾಳೆಯ ತೋಟ, ಭತ್ತದ ಗದ್ದೆ, ಬಂಡೆಗಳನ್ನು ಬಳಸಿ ತಿರುಗುವ ನದಿ, ಆಚೆಗೆ ದೇವಾಲಯಗಳ ಶಿಖರಗಳು. ಅನಂತರ ಪಂಪಾಸರೋವರವನ್ನು ನೋಡಿ, ಊರೊಳಗಿನ ರಂಗನಾಥಸ್ವಾಮಿಯ ಗುಡಿ, ಗಗನಮಹಲು, ಕರಿಯ ಕಲ್ಲಿನ ನುಣುಪಾದ ಕಂಬಗಳಿಗೆ ಹೆಸರಾದ ಹುಚ್ಚಪ್ಪಯ್ಯನ ಮಠ, ಇವಿಷ್ಟನ್ನು ನಡೆದೇ ನೋಡಬಹುದು. ನದಿಯ ನಡುಗಡ್ಡೆಯಲ್ಲಿರುವ ನವವೃಂದಾವನದಲ್ಲಿ ಒಂಬತ್ತು ಮಂದಿ ಮಾಧ್ವ ಯತಿಗಳ ವೃಂದಾವನಗಳಿವೆ; ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾಗಿ, ಪುರಂದರದಾಸರಿಗೆ ಗುರುಗಳಾಗಿ, 1539ರಲ್ಲಿ ಕಾಲವಾದ ವ್ಯಾಸರಾಯರ ವೃಂದಾವನವು ಅವುಗಳಲ್ಲೊಂದು.

ಆನೆಗೊಂದಿಯ ಘಟ್ಟದಿಂದ ಎದುರಿನ ತಳವಾರಘಟ್ಟಕ್ಕೆ ನೀರು ಶಾಂತವಾಗಿದ್ದಾಗ ದೋಣಿಯುಂಟು. ಪೋರ್ತುಗೀಸ್ ಪ್ರವಾಸಿಯಾದ ದೊಮಿಂಗೊ ಪಯಸನು ಸುಮಾರು 1520ರಲ್ಲಿ ಇಲ್ಲಿಗೆ ಬಂದಾಗ, ಜನರು ಬುಟ್ಟಿಯಂತಹ ದುಂಡನೆಯ, ಹೊರಗೆ ಚರ್ಮ ಹೊದಿಸಿದ ಹರಿಗೋಲುಗಳಲ್ಲಿ ಈ ನದಿಯನ್ನು ದಾಟುತ್ತಿದ್ದುದನ್ನು ಬರೆದಿಟ್ಟಿರುವನು. ಹಳೆಯ ಸೇತುವೆಯೊಂದರ ಕಲ್ಲುಕಂಬಗಳು ಪುರಂದರ ಮಂಟಪದ ಬಳಿ ಈಗಲೂ ನೀರಿನಲ್ಲಿ ನಿಂತಿವೆ. ನಮ್ಮ ಕಾಲದಲ್ಲಿ ಇಲ್ಲಿ ಕಟ್ಟಲಾರಂಭಿಸಿದ ಸೇತುವೆಯು ಸ್ಮಾರಕಗಳ ನೆಮ್ಮದಿಗೆ ಭಂಗವೆಂಬ ಆಕ್ಷೇಪಕ್ಕೆ ಗುರಿಯಾಗಿ, 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದ್ದ ಹಂಪೆಯನ್ನು ಯುನೆಸ್ಕೋ ಸಂಸ್ಥೆಯು 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಇಳಿಸಿತು. 2006ರಲ್ಲಿ ಆ ಕಳಂಕವು ನೀಗಿತಾದರೂ, ಸೇತುವೆಯು 2009ರ ಜನವರಿಯಲ್ಲಿ ಇನ್ನೂ ಪೂರ್ಣವಾಗುವ ಮೊದಲೇ ಕುಸಿದುಬಿದ್ದಿತು. ಈಗ ವಾಹನಗಳು ಕಡೆಬಾಗಿಲು–ಬುಕ್ಕಸಾಗರದ ಸೇತುವೆಯ ಮೇಲೆ ಸುತ್ತಿಬರುವುವು. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಪುರಂದರ ಮಂಟಪವೂ ನವವೃಂದಾವನದ ಗಡ್ಡೆಯೂ ಮುಳುಗುವುದುಂಟು. ಅಂಥ ದಿನಗಳಲ್ಲಿ ದೋಣಿಯ ಆಸೆಯನ್ನು ಬಿಟ್ಟು ಸೇತುವೆಯನ್ನೇ ಹಿಡಿಯುವುದು ವಿವೇಕ.

ಈ ನದಿಯು ಇತ್ತೀಚಿನವರೆಗೆ ಎರಡು ಸರಕಾರಗಳ ಗಡಿಯೂ ಆಗಿತ್ತೆಂಬುದನ್ನು ಇಂದಿನ ತರುಣರು ಅರಿಯರು. ಆನೆಗೊಂದಿಯು ನಿಜಾಮನ ಹೈದರಾಬಾದು ಸಂಸ್ಥಾನದಲ್ಲಿಯೂ, ಎದುರಿನ ಹಂಪೆಯು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿಯೂ ಇದ್ದುವು. 1953ರಲ್ಲಿ ಬಳ್ಳಾರಿಯು ಮೈಸೂರನ್ನು ಸೇರಿ, 1956ರಲ್ಲಿ ರಾಯಚೂರು ಸೀಮೆಯೂ ಬಂದು ಕೂಡಿದ ಮೇಲೆಯೇ, ಒಂದೇ ರಾಜಧಾನಿಯ ಎರಡು ದಂಡೆಗಳು ಒಂದೇ ರಾಜ್ಯದೊಳಗೆ ಮರಳಿ ಸೇರಿದುವು.

ನದಿಯನ್ನು ದಾಟಿದವರಿಗೆ ಮೊದಲು ದೊರೆಯುವುದು ವಿಜಯವಿಠ್ಠಲನ ದೇವಾಲಯ. ವಾಹನಗಳನ್ನು ದೂರದಲ್ಲಿಯೇ ನಿಲ್ಲಿಸಿ, ಬ್ಯಾಟರಿ ಗಾಡಿಯಲ್ಲಿಯೋ ಕಾಲ್ನಡಿಗೆಯಲ್ಲಿಯೋ ಹೋಗಬೇಕು. ನಡೆದವರಿಗೆ ದಾರಿಯ ಬದಿಯ ಹಳೆಯ ಅಂಗಡಿಸಾಲುಗಳ ಮಂಟಪಗಳನ್ನೂ ಪುಷ್ಕರಣಿಯನ್ನೂ ನೋಡುವ ಲಾಭವುಂಟು. ಐವತ್ತು ರೂಪಾಯಿಯ ಹೊಸ ನೋಟಿನ ಮೇಲೆ ಅಚ್ಚಾಗಿರುವ ಕಲ್ಲಿನ ರಥವು ವಾಸ್ತವವಾಗಿ ಗರುಡನ ಗುಡಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಇದರ ಮೇಲೆ ಇಟ್ಟಿಗೆಯ ಶಿಖರವಿತ್ತು, ಅದು ಈಗಿಲ್ಲ. ಮುಂದಿರುವ ಆನೆಗಳು ಅನಂತರ ತಂದಿರಿಸಿದವು. ಅವುಗಳ ಹಿಂದೆ ಮೊದಲಿದ್ದ ಕುದುರೆಗಳ ಹಿಂಗಾಲುಗಳ ಗುರುತನ್ನು ನುರಿತ ಗೈಡು ಬೆರಳಿಟ್ಟು ತೋರಿಸುವನು. ಮಹಾಮಂಟಪದ ಸಂಗೀತಸ್ತಂಭಗಳನ್ನು ಬಡಿದು ನಾದವನ್ನು ಕೇಳುವ ಚಾಪಲ್ಯವನ್ನು ಅಡಗಿಸಬೇಕು. ಶತಮಾನಗಳನ್ನು ಸಹಿಸಿದ ಕಲ್ಲು ಪ್ರತಿದಿನದ ಸಾವಿರ ಕೈಗಳ ಪೆಟ್ಟನ್ನು ಸಹಿಸಲಾರದೆಂದೇ ಅದನ್ನು ನಿಷೇಧಿಸಿರುವರು.

ಮಧ್ಯಾಹ್ನಕ್ಕೆ ಕಮಲಾಪುರದ ಕಡೆಗೆ ಹೊರಳಿ, ಊಟವನ್ನು ಮುಗಿಸಿ, ರಾಜಪ್ರಾಂಗಣವನ್ನು ಹೊಕ್ಕಾಗ ಅನೇಕರಿಗೆ ನಿರಾಶೆಯಾಗುವುದು: ಅರಮನೆಯೆಲ್ಲಿ? ದೇವರಿಗೆ ಕಲ್ಲಿನ ಮನೆಯನ್ನು ಕಟ್ಟಿದ ಅರಸರು ತಮಗಾಗಿ ಕಲ್ಲಿನ ಅಧಿಷ್ಠಾನದ ಮೇಲೆ ಮರದ ಉಪ್ಪರಿಗೆಗಳನ್ನು ಕಟ್ಟಿಸಿದುದರಿಂದ, 1565ರ ಜನವರಿಯಲ್ಲಿ ರಕ್ಕಸಗಿ–ತಂಗಡಗಿಯ ಯುದ್ಧದಲ್ಲಿ ಅಳಿಯ ರಾಮರಾಯನು ಹತನಾಗಿ, ಅವನ ತಮ್ಮನಾದ ತಿರುಮಲನು ಪೆನುಗೊಂಡೆಗೆ ಸರಿದುಹೋದ ಮೇಲೆ, ನಡೆದ ಸುಲಿಗೆಯ ಉರಿಯಲ್ಲಿ ಅವೆಲ್ಲ ಬೂದಿಯಾಗಿ, ಜಗತಿಗಳು ಮಾತ್ರ ಉಳಿದುವು. ಆ ಜಗತಿಗಳಲ್ಲಿ ಹಿರಿದಾದುದು ಮಹಾನವಮಿ ದಿಬ್ಬ. ಇದರ ಕಲ್ಲುಗಳ ಮೇಲೆ ಆನೆ, ಕುದುರೆ, ಬೇಟೆ, ಕುಣಿತ, ದೂರದೇಶದ ಕುದುರೆ ವ್ಯಾಪಾರಿಗಳು ಸಾಲುಸಾಲಾಗಿ ಮೂಡಿರುವರು. ಪಕ್ಕದ ಹಜಾರರಾಮನ ಗುಡಿಯ ಗೋಡೆಗಳ ಮೇಲೆ ರಾಮಾಯಣದ ಕಥೆಯನ್ನು ಪ್ರದಕ್ಷಿಣೆಯ ಕ್ರಮದಲ್ಲಿಯೇ ಓದಿಕೊಂಡು ಹೋಗಬಹುದು.

ದಿಬ್ಬದ ಸಮೀಪದಲ್ಲಿಯೇ, 1980ರ ದಶಕದ ಉತ್ಖನನದಲ್ಲಿ ಮಣ್ಣಿನಿಂದ ಹೊರಬಂದ ಮೆಟ್ಟಿಲುಗಳ ಪುಷ್ಕರಣಿಯಿದೆ. ಐದು ಅಂತಸ್ತುಗಳಾಗಿ ಇಳಿಯುವ ಇದರ ಕರಿಕಲ್ಲುಗಳ ಮೇಲೆ, ಯಾವ ಕಲ್ಲು ಯಾವ ಸಾಲಿಗೆ, ಯಾವ ದಿಕ್ಕಿಗೆ ಸೇರಬೇಕೆಂಬ ಶಿಲ್ಪಿಗಳ ಗುರುತಿನ ಅಕ್ಷರಗಳು ಈಗಲೂ ಕಾಣುವುವು. ಕಂಬಗಳ ಮೇಲೆ ಹಾಯಿಸಿದ ಕಲ್ಲಿನ ದೋಣಿಗಾಲುವೆಯ ಮೂಲಕ ನೀರು ಪ್ರಾಂಗಣದ ಕೊಳಗಳಿಗೆ ಹರಿದು ಬರುತ್ತಿದ್ದಿತು. 1443ರಲ್ಲಿ ಪಾರಸಿಕ ದೇಶದಿಂದ ಬಂದ ರಾಯಭಾರಿ ಅಬ್ದುರ್ ರಜಾಕನು ಏಳು ಸುತ್ತಿನ ಕೋಟೆಯನ್ನು ಕಂಡು ಬೆರಗಾದಂತೆಯೇ, ಅರಮನೆಯ ಸುತ್ತ ನುಣುಪಾಗಿ ಕೆತ್ತಿದ ಕಲ್ಲುಗಾಲುವೆಗಳಲ್ಲಿ ಹರಿಯುವ ನೀರನ್ನು ಕಂಡೂ ಬೆರಗಾದನು. ಇಲ್ಲಿಂದ ರಾಣಿಯ ಸ್ನಾನಗೃಹವನ್ನು, ಕಮಾನುಗಳಲ್ಲಿ ಮುಸಲ್ಮಾನರ ಶೈಲಿಯನ್ನೂ ಶಿಖರಗಳಲ್ಲಿ ದೇವಾಲಯದ ಶೈಲಿಯನ್ನೂ ಮೈಗೂಡಿಸಿಕೊಂಡ ಕಮಲಮಹಲನ್ನು, ಹನ್ನೊಂದು ಕೋಣೆಗಳ ಗಜಶಾಲೆಯನ್ನು ನೋಡಿದರೆ ರಾಜಪ್ರಾಂಗಣದ ದರ್ಶನವು ಮುಗಿಯುವುದು. ವಿಠ್ಠಲ ದೇವಾಲಯದಲ್ಲಿ ಕೊಂಡ ಟಿಕೇಟು ಅದೇ ದಿನ ಕಮಲಮಹಲಿನ ಆವರಣಕ್ಕೂ ಸಲ್ಲುವುದರಿಂದ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಬಿಸಿಲು ಇಳಿಯುವ ಹೊತ್ತಿಗೆ ಹಂಪೆಯ ಕಡೆಗೆ ಹೊರಟರೆ, ದಾರಿಯಲ್ಲಿ 1528ರಲ್ಲಿ ಕೃಷ್ಣದೇವರಾಯನು ಏಕಶಿಲೆಯಲ್ಲಿ ಕಡೆಸಿದ, 6.7 ಮೀಟರು ಎತ್ತರದ ಉಗ್ರನರಸಿಂಹನ ಮೂರ್ತಿಯೂ, ಅದರ ಪಕ್ಕದಲ್ಲಿ ಬಡವಿಲಿಂಗವೂ ದೊರೆಯುವುವು. ಈ ಲಿಂಗದ ಪೀಠವು ಸದಾ ನೀರಿನಲ್ಲಿರುವುದು, ಏಕೆಂದರೆ ಗರ್ಭಗುಡಿಯೊಳಗೇ ಕಾಲುವೆಯು ಹಾದುಹೋಗಿದೆ. ಉದಯಗಿರಿಯ ವಿಜಯದ ಸ್ಮರಣೆಗಾಗಿ ಕಟ್ಟಿದ ಕೃಷ್ಣ ದೇವಾಲಯವನ್ನು ನೋಡಿ, ಹೇಮಕೂಟವನ್ನು ಬಳಸಿ ವಿರೂಪಾಕ್ಷನ ಸನ್ನಿಧಿಗೆ ಬರಬೇಕು. ಸಾಮ್ರಾಜ್ಯಕ್ಕಿಂತ ಹಳೆಯದಾದ, ಸಾಮ್ರಾಜ್ಯವು ಅಳಿದ ಮೇಲೆಯೂ ಪೂಜೆ ನಿಲ್ಲದ ಗುಡಿಯಿದು. ಇಲ್ಲಿಯ ರಂಗಮಂಟಪವನ್ನು ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಕಟ್ಟಿಸಿದುದನ್ನು 1510ರ ಶಾಸನವು ಹೇಳುವುದು. ಒಳಗಿನ ಕೋಣೆಯ ಗೋಡೆಯ ಮೇಲೆ, ಸಣ್ಣದೊಂದು ರಂಧ್ರದಿಂದ ಬರುವ ಬೆಳಕಿನಲ್ಲಿ, ಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ಮಕ್ಕಳಿಗೆ ತೋರಿಸಬೇಕು. ಬೆಳಕು ನೇರವಾಗಿ ಚಲಿಸುವುದೆಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಪ್ರಯೋಗಶಾಲೆಯೂ ಕಲಿಸದು. ನದಿಯ ನೀರಿನ ಒಂದು ಸಣ್ಣ ಕಾಲುವೆಯು ಗುಡಿಯೊಳಗೆ ಹರಿದು ಪಾಕಶಾಲೆಯನ್ನು ಸೇರುವುದನ್ನೂ ಆಗಲೇ ತೋರಿಸಬೇಕು.

ಹೀಗೆ ನೋಡಿ ಮುಗಿಸಿದವರಿಗೆ ಒಂದು ವಿಷಯವು ಸ್ಪಷ್ಟವಾಗುವುದು. ಸಿಂಹಾಸನವು ಹೋಯಿತು, ಉಪ್ಪರಿಗೆಗಳು ಉರಿದುವು, ಸಾಲಂಗಡಿಗಳು ಬರಿದಾದುವು. ಆದರೆ ಗುಡಿಗಳ ಪ್ರದೇಶಕ್ಕೂ ಅರಮನೆಗಳ ಪ್ರದೇಶಕ್ಕೂ ನಡುವಣ ಕಣಿವೆಯಲ್ಲಿ ಹಿರಿಯ ಕಾಲುವೆಯು ಇಂದಿಗೂ ಹರಿದು ಬಾಳೆಯ ತೋಟಗಳನ್ನು ಸಾಕುತ್ತಿದೆ. ಅದನ್ನು ಉಳಿಸಿದವರು ಅರಸರಲ್ಲ, ವರ್ಷವರ್ಷವೂ ಹೂಳೆತ್ತಿ, ಒಡ್ಡನ್ನು ಸರಿಪಡಿಸಿದ ರೈತರು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಎಡದಂಡೆಯ ಊರುಗಳಲ್ಲಿ ಎಷ್ಟು ಕಳವಳವುಂಟಾಯಿತೆಂಬುದನ್ನು ಸಿದ್ದಾಪುರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟುವುದಕ್ಕೆ ಬೇಕಾದ ಜಾಣ್ಮೆಯಷ್ಟೇ ಕಾಪಾಡುವುದಕ್ಕೂ ಬೇಕೆಂಬುದನ್ನು ಹಳೆಯ ಕಾಲುವೆಗಳು ಹೇಳುತ್ತಿರುವುವು.

ಆದುದರಿಂದ ಓದುಗರಲ್ಲಿ ವಿಜ್ಞಾಪನೆಯಿಷ್ಟೆ. ನವೆಂಬರಿನಿಂದ ಫೆಬ್ರವರಿಯವರೆಗಿನ ತಂಪಿನ ದಿನಗಳಲ್ಲಿ, ಮನೆಯ ಮಕ್ಕಳನ್ನು ಕರೆದುಕೊಂಡು, ಕುಡಿಯುವ ನೀರನ್ನೂ ಬುತ್ತಿಯನ್ನೂ ಕಟ್ಟಿಕೊಂಡು, ಉತ್ತರ ದಂಡೆಯಿಂದಲೇ ಹೊರಡಿರಿ. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿಯುಳ್ಳ ಗೈಡನ್ನೇ ಗೊತ್ತುಮಾಡಿಕೊಂಡು, ಕೂಲಿಯನ್ನು ಮೊದಲೇ ಮಾತನಾಡಿರಿ. ಶಿಲ್ಪಗಳನ್ನು ತೋರಿಸಲು ಅವನು ಹೊರಟಾಗ, ಕಾಲುವೆಗಳನ್ನೂ ತೋರಿಸಬೇಕೆಂದು ಕೇಳಿರಿ.