ಮನೆ ಕಟ್ಟೋಕೆ ಮುಂಚೆ ಮೂರು ಪುಸ್ತಕ: ನಲವತ್ತು ಲಕ್ಷದ ಸಾಲಕ್ಕೆ ಸಹಿ ಹಾಕೋ ಮೊದಲು ಇದನ್ನ ಕೇಳಿ

(ಈ ವಾರದ ಸಂಚಿಕೆಯ ಅಕ್ಷರರೂಪ. ಓದಿಗೆ ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಹೋದ ತಿಂಗಳು ತುಮಕೂರಿಂದ ಅಕ್ಕ ವಾಟ್ಸಾಪಲ್ಲಿ ಒಂದು ಫೋಟೊ ಕಳಿಸಿದ್ಲು. ಮನೆ ಪ್ಲಾನು. 30-40 ಸೈಟು, ಕೆಳಗೆ ಒಂದು ಮನೆ, ಮೇಲೆ ಇನ್ನೊಂದು. "ಸೋಮವಾರ ಅಡ್ವಾನ್ಸ್ ಕೊಡ್ಬೇಕು ಕಣೋ, ಒಂದ್ಸಲ ನೋಡು" ಅಂದ್ಲು. ನಾನು ಓದಿರೋದು ಬಿಕಾಂ. ಪ್ಲಾನು ನೋಡಿ ನನಗೇನು ಗೊತ್ತಾಗುತ್ತೆ? ಅದಕ್ಕೇ ಮೊದಲು ನನಗೆ ಬರೋ ಲೆಕ್ಕ ಮಾಡ್ದೆ.

ಭಾವ ತಗೋತಿರೋ ಸಾಲ 40 ಲಕ್ಷ. ಬಡ್ಡಿ ಶೇಕಡಾ 8.5, ಇಪ್ಪತ್ತು ವರ್ಷ. ತಿಂಗಳ ಕಂತು ಸುಮಾರು 34,700 ರೂಪಾಯಿ. ಇಪ್ಪತ್ತು ವರ್ಷದಲ್ಲಿ ಒಟ್ಟು ಕಟ್ಟೋದು 83 ಲಕ್ಷ ದಾಟುತ್ತೆ. ಅಂದ್ರೆ ಸಾಲಕ್ಕಿಂತ ಬಡ್ಡಿನೇ ಜಾಸ್ತಿ. ಈಗ ಉಲ್ಟಾ ನೋಡಿ: ಕಟ್ಟೋ ಖರ್ಚಲ್ಲಿ 5 ಲಕ್ಷ ಉಳಿಸಿದ್ರೆ, ಕಂತಲ್ಲಿ ಉಳಿಯೋದು ಒಟ್ಟು 10 ಲಕ್ಷಕ್ಕೂ ಹೆಚ್ಚು.

ಇಷ್ಟು ದೊಡ್ಡ ಖರ್ಚಿಗೆ ಪ್ಲಾನು ತಯಾರಾಗಿದ್ದು ಎಷ್ಟು ಹೊತ್ತಲ್ಲಿ? ಕಾಂಟ್ರಾಕ್ಟರ್ ಕಡೆಯವರು ಒಂದು ದಿನದಲ್ಲಿ ಬರೆದುಕೊಟ್ಟಿದ್ರು, ಅದೂ ಫ್ರೀ. ಎಲಿವೇಶನ್ ಮಾತ್ರ ಅಕ್ಕ ತಿಂಗಳುಗಟ್ಟಲೆ ರೀಲ್ಸ್ ನೋಡಿ ಆರಿಸಿದ್ಲು. ಮನೆ ಹೊರಗಡೆಯಿಂದ ಹೇಗೆ ಕಾಣುತ್ತೆ ಅಂತ ಗೊತ್ತಿತ್ತು, ಒಳಗಡೆ ಹೇಗೆ ಬದುಕ್ತೀವಿ ಅಂತ ಯಾರೂ ಯೋಚನೆ ಮಾಡಿರ್ಲಿಲ್ಲ. ಅವತ್ತಿಂದ ನಾನು ಮನೆ ವಿನ್ಯಾಸದ ಬಗ್ಗೆ ಇರೋ ಪುಸ್ತಕಗಳನ್ನ ಹುಡುಕಿ ಓದೋಕೆ ಶುರು ಮಾಡ್ದೆ. ಇವತ್ತಿನ ಮಾತು ಆ ಪುಸ್ತಕಗಳದ್ದು.

ಚಂದದ ಫೋಟೊ, ಸೋರೋ ಛಾವಣಿ

ಆಧುನಿಕ ಮನೆಗಳ ಬಗ್ಗೆ ಪುಸ್ತಕ ಅಂದ್ರೆ ಮೊದಲು ಸಿಗೋದು ದೊಡ್ಡ ಸೈಜಿನ, ನುಣುಪು ಕಾಗದದ ಫೋಟೊ ಪುಸ್ತಕಗಳು. ಅವುಗಳಲ್ಲಿ ಎರಡು ಮನೆ ಬಂದೇ ಬರುತ್ತೆ.

ಒಂದು, ಪ್ಯಾರಿಸ್ ಹತ್ತಿರದ ಪ್ವಾಸಿಯಲ್ಲಿರೋ ವಿಲ್ಲಾ ಸವೋಯ್. ಚಂಡೀಗಢ ನಗರವನ್ನ ರೂಪಿಸಿದ ಲ ಕಾರ್ಬುಸಿಯೇ ಕಟ್ಟಿದ್ದು, 1931ರಲ್ಲಿ ಮುಗೀತು. ಈತ 1923ರಲ್ಲೇ ಒಂದು ಪುಸ್ತಕ ಬರೆದು, ಮನೆ ಕಟ್ಟೋರು ಹಡಗು, ವಿಮಾನ, ಕಾರು ಮಾಡೋರಿಂದ ಕಲೀಬೇಕು ಅಂತ ವಾದಿಸಿದ್ದ. ಬಿಳಿ ಗೋಡೆ, ತೆಳ್ಳಗಿನ ಕಂಬ, ಉದ್ದುದ್ದ ಕಿಟಕಿ, ಸಮತಟ್ಟಾದ ಛಾವಣಿ. ಫೋಟೊದಲ್ಲಿ ಕಣ್ಣು ಕೀಳೋಕೆ ಆಗಲ್ಲ. ಆದ್ರೆ ಛಾವಣಿ ಸೋರ್ತಿತ್ತು. ಮನೆಯೊಡತಿ ಮದಾಮ್ ಸವೋಯ್ ಮಳೆ ಬಂದಾಗಲೆಲ್ಲ ಒಳಗೆ ನೀರು ಬರುತ್ತೆ ಅಂತ ಪತ್ರದ ಮೇಲೆ ಪತ್ರ ಬರೀತಿದ್ರು.

ಇನ್ನೊಂದು, ಅಮೆರಿಕದ ಇಲಿನಾಯ್ ರಾಜ್ಯದ ಫಾರ್ನ್ಸ್‌ವರ್ತ್ ಹೌಸ್. ಮೀಸ್ ವಾನ್ ಡೆರ್ ರೋಹೆ ಅದನ್ನ ಮುಗಿಸಿದ್ದು 1951ರಲ್ಲಿ. ಸುತ್ತಲೂ ಗಾಜಿನ ಗೋಡೆ. ಖರ್ಚು ಅಂದಾಜು ಮೀರಿ, ಮನೆ ಕಟ್ಟಿಸಿದ ಡಾಕ್ಟರ್ ಈಡಿತ್ ಫಾರ್ನ್ಸ್‌ವರ್ತ್ ಮತ್ತು ಮೀಸ್ ನಡುವಿನ ಜಗಳ ಕೋರ್ಟಿಗೂ ಹೋಯ್ತು. ಪಕ್ಕದ ಫಾಕ್ಸ್ ನದಿ ಉಕ್ಕಿದಾಗ ಒಳಗೆ ನೀರೂ ನುಗ್ಗಿದೆ.

ಇವು ಕೆಟ್ಟ ಮನೆಗಳು ಅಂತ ನಾನು ಹೇಳ್ತಿಲ್ಲ. ವಾಸ್ತುಶಿಲ್ಪದ ಇತಿಹಾಸದಲ್ಲಿ ಇವುಗಳ ಜಾಗ ದೊಡ್ಡದು. ಆದ್ರೆ ಫೋಟೊದಲ್ಲಿ ಸೋರಿಕೆ ಕಾಣಲ್ಲ, ಸೆಖೆ ಕಾಣಲ್ಲ, ಕರೆಂಟ್ ಬಿಲ್ಲೂ ಕಾಣಲ್ಲ. ಪಿಂಟರೆಸ್ಟ್, ಇನ್‌ಸ್ಟಾಗ್ರಾಮ್ ಕಥೆನೂ ಇದೇ. ಹಾಗಾಗಿ ನಾನು ಹೇಳೋ ಮೂರು ಪುಸ್ತಕಗಳು ಬೇರೆ ತರದವು.

ಒಂದು: ಲಾರಿ ಬೇಕರ್ ಕೈಬರಹದ ಪುಸ್ತಿಕೆ

ಲಾರಿ ಬೇಕರ್ ಹುಟ್ಟಿದ್ದು 1917ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಲ್ಲಿ. 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ಕಟ್ಟೋ ಕೆಲಸಕ್ಕೆ ಭಾರತಕ್ಕೆ ಬಂದವರು ಇಲ್ಲೇ ಉಳಿದ್ರು. ಹಿಮಾಲಯದ ಪಿಥೋರಾಗಢದಲ್ಲಿ ವರ್ಷಗಟ್ಟಲೆ ಇದ್ದು, ಆಮೇಲೆ ತಿರುವನಂತಪುರದಲ್ಲಿ ನೆಲೆಸಿದ್ರು. ಭಾರತದ ಪೌರತ್ವ ಸಿಕ್ತು, 1990ರಲ್ಲಿ ಪದ್ಮಶ್ರೀ. 2007ರಲ್ಲಿ ತೀರಿಕೊಂಡ್ರು.

ಮನೆ ಖರ್ಚು ಕಡಿಮೆ ಮಾಡೋದು ಹೇಗೆ ಅನ್ನೋದರ ಮೇಲೆ ಅವರು ಒಂದು ಸಣ್ಣ ಪುಸ್ತಿಕೆ ಮಾಡಿದ್ದಾರೆ. ಚಿತ್ರ ಅವರದ್ದೇ, ಕೈಬರಹವೂ ಅವರದ್ದೇ. ಪಿಡಿಎಫ್ ಇಂಟರ್ನೆಟ್ಟಲ್ಲಿ ಸಿಗುತ್ತೆ, ಫೋನಲ್ಲೇ ಒಂದು ಸಂಜೆಗೆ ಓದಿ ಮುಗಿಸಬಹುದು. ಪಾಯದಿಂದ ಛಾವಣಿವರೆಗೆ ಎಲ್ಲಿ ದುಡ್ಡು ಪೋಲಾಗುತ್ತೆ ಅಂತ ತೋರಿಸ್ತಾ ಹೋಗ್ತಾರೆ. ಉದಾಹರಣೆಗೆ, ಪಾಯ ಅಗೆದ ಮಣ್ಣನ್ನ ಹೊರಗಡೆ ಎಸೀತಾರೆ, ಆಮೇಲೆ ಅದೇ ಮಣ್ಣನ್ನ ಕೂಲಿ ಕೊಟ್ಟು ಒಳಗಡೆ ತುಂಬಿಸ್ತಾರೆ. ಮೊದಲೇ ಒಳಗಡೆ ಹಾಕಿದ್ರೆ? ಇನ್ನೊಂದು, ಕಿಟಕಿ. ಅದೇ ಅಳತೆಯ ಇಟ್ಟಿಗೆ ಗೋಡೆಗಿಂತ ಕಿಟಕಿಗೆ ಹಲವು ಪಟ್ಟು ಖರ್ಚು. ಬರೀ ಗಾಳಿ ಬೆಳಕು ಬೇಕಾದ ಕಡೆ ಇಟ್ಟಿಗೆಯಲ್ಲೇ ಜಾಲಿ ಕಟ್ಟಿದ್ರೆ ಸಾಕು ಅಂತಾರೆ.

ಅವರ ಹೆಸರಿನ ಜೊತೆ ಬರೋ ಎರಡು ವಿಧಾನ ಗೊತ್ತಿರಲಿ.

ಮೊದಲನೇದು ರ‍್ಯಾಟ್ ಟ್ರ್ಯಾಪ್ ಬಾಂಡ್, ಇಲಿ ಬೋನಿನ ತರದ ಜೋಡಣೆ. ಇಟ್ಟಿಗೆಯನ್ನ ಮಲಗಿಸೋ ಬದಲು ಅಂಚಿನ ಮೇಲೆ ನಿಲ್ಲಿಸಿ ಕಟ್ತಾರೆ. ಗೋಡೆ ಮಧ್ಯೆ ಪೊಳ್ಳು ಉಳಿಯುತ್ತೆ. ಇಟ್ಟಿಗೆ ಸುಮಾರು ಕಾಲು ಭಾಗ ಉಳಿತಾಯ. ಪೊಳ್ಳಲ್ಲಿರೋ ಗಾಳಿ ಬಿಸಿಲಿನ ಕಾವು ಒಳಗೆ ಬರೋದನ್ನೂ ತಡೆಯುತ್ತೆ.

ಎರಡನೇದು ಫಿಲ್ಲರ್ ಸ್ಲ್ಯಾಬ್. ಛಾವಣಿ ಮೇಲೆ ಭಾರ ಬಿದ್ದಾಗ ಸ್ಲ್ಯಾಬಿನ ಮೇಲ್ಭಾಗ ಒತ್ತಿಕೊಳ್ಳುತ್ತೆ, ಕೆಳಭಾಗ ಎಳೆತಕ್ಕೆ ಸಿಗುತ್ತೆ. ಕಾಂಕ್ರೀಟ್ ಒತ್ತಡ ತಡೆಯುತ್ತೆ, ಎಳೆತ ತಡೆಯಲ್ಲ. ಎಳೆತ ತಡೆಯೋದು ಕಂಬಿ. ಅಂದ್ರೆ ಕೆಳಭಾಗದಲ್ಲಿ ಕಂಬಿಗಳ ನಡುವೆ ಇರೋ ಕಾಂಕ್ರೀಟಿಗೆ ಕೆಲಸ ಕಡಿಮೆ, ತೂಕ ಜಾಸ್ತಿ. ಆ ಜಾಗದಲ್ಲಿ ಹೆಂಚು ಇಟ್ಟು ಮೇಲೆ ಕಾಂಕ್ರೀಟ್ ಹಾಕ್ತಾರೆ. ಸಿಮೆಂಟೂ ಉಳಿಯುತ್ತೆ, ಛಾವಣಿನೂ ಹಗುರ. ಇದಕ್ಕೆ ಬಳಸೋದು ನಮ್ಮ ಮಂಗಳೂರು ಹೆಂಚನ್ನೇ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಹೆಸರಾದ ಹೆಂಚು ಅದು.

ಎರಡು: 253 ಸಣ್ಣ ಪಾಠಗಳು

ಎರಡನೇ ಪುಸ್ತಕ 'ಎ ಪ್ಯಾಟರ್ನ್ ಲ್ಯಾಂಗ್ವೇಜ್'. ಕ್ರಿಸ್ಟೋಫರ್ ಅಲೆಕ್ಸಾಂಡರ್ ಮತ್ತು ಜೊತೆಗಾರರು ಬರೆದಿದ್ದು, 1977ರಲ್ಲಿ ಬಂತು. ಸಾವಿರ ಪುಟ ದಾಟುತ್ತೆ, ಹೆದರಬೇಡಿ. ಊರು, ಬೀದಿ, ಮನೆ, ಕೋಣೆ, ಕಿಟಕಿ ಅಂತ 253 'ಪ್ಯಾಟರ್ನ್'ಗಳಿವೆ. ಪ್ರತಿಯೊಂದರಲ್ಲೂ ಒಂದು ಸಮಸ್ಯೆ, ಒಂದು ಪರಿಹಾರ. ನಿಮಗೆ ಬೇಕಾಗಿರೋದನ್ನ ಮಾತ್ರ ಓದಬಹುದು.

ಬೆಂಗಳೂರಲ್ಲಿ ಕೋಡಿಂಗ್ ಮಾಡೋರಿಗೆ ಈ ಹೆಸರು ಎಲ್ಲೋ ಕೇಳಿದ ಹಾಗಿದೆ ಅನ್ನಿಸ್ತಿದೆಯಾ? ಸಾಫ್ಟ್‌ವೇರಲ್ಲಿ 'ಡಿಸೈನ್ ಪ್ಯಾಟರ್ನ್' ಅಂತೀರಲ್ಲ, ಆ ಕಲ್ಪನೆ ಬಂದಿದ್ದೇ ಅಲೆಕ್ಸಾಂಡರ್ ಅವರಿಂದ.

ಅಕ್ಕನ ಪ್ಲಾನಿಗೆ ತಾಗಿದ ಎರಡು ಪಾಠ ಹೇಳ್ತೀನಿ. ನಂಬರ್ 167: ಬಾಲ್ಕನಿ ಆರಡಿಗಿಂತ ಕಡಿಮೆ ಅಗಲ ಇದ್ರೆ ಜನ ಅದನ್ನ ಬಳಸೋದೇ ಅಪರೂಪ. ಯಾಕೆ? ಮೂರಡಿಯಲ್ಲಿ ಒಂದು ಕುರ್ಚಿ ಹಾಕಿದ್ರೆ ಕಾಲು ಚಾಚೋಕೆ ಜಾಗ ಇಲ್ಲ, ಇಬ್ಬರು ಎದುರುಬದುರು ಕೂರೋಕಂತೂ ಆಗಲ್ಲ. ನಿಮ್ಮ ಬೀದಿಯಲ್ಲಿ ಒಮ್ಮೆ ತಲೆ ಎತ್ತಿ ನೋಡಿ: ಮೂರಡಿ ಬಾಲ್ಕನಿ ತುಂಬಾ ಒಗೆದ ಬಟ್ಟೆ, ಹಳೇ ಕೂಲರ್. ಅಜ್ಜಿ ಮನೆ ಜಗಲಿ ನೆನಪು ಮಾಡ್ಕೊಳ್ಳಿ, ಅಲ್ಲಿ ಊಟ ಆದ್ಮೇಲೆ ನಾಲ್ಕು ಜನ ಕೂತು ಮಾತಾಡ್ತಿದ್ರು. ವ್ಯತ್ಯಾಸ ಇರೋದು ಅಗಲದಲ್ಲಿ.

ನಂಬರ್ 159: ಪ್ರತಿ ಕೋಣೆಗೂ ಎರಡು ಕಡೆಯಿಂದ ಬೆಳಕು ಬರಬೇಕು. ಒಂದೇ ಕಡೆ ಕಿಟಕಿ ಇದ್ರೆ ಆ ಕಡೆ ಕಣ್ಣು ಕುಕ್ಕೋ ಬೆಳಕು, ಈ ಕಡೆ ಕತ್ತಲೆ, ಎದುರಿಗೆ ಕೂತವರ ಮುಖನೂ ಸರಿಯಾಗಿ ಕಾಣಲ್ಲ. ಆದ್ರೆ 30-40 ಸೈಟಲ್ಲಿ ಅಕ್ಕಪಕ್ಕ ಕಿಟಕಿ ತೆಗೆದ್ರೆ ಕಾಣೋದು ಪಕ್ಕದ ಮನೆ ಗೋಡೆ. ಎರಡನೇ ಬೆಳಕು ಎಲ್ಲಿಂದ ತರೋದು? ಉತ್ತರ ಮೂರನೇ ಪುಸ್ತಕದಲ್ಲಿದೆ.

ಮೂರು: ಚಾರ್ಲ್ಸ್ ಕೊರಿಯಾ ಮತ್ತು ಆಕಾಶ

ಚಾರ್ಲ್ಸ್ ಕೊರಿಯಾ ಅವರ ಪ್ರಬಂಧಗಳ ಸಂಗ್ರಹ 'ಎ ಪ್ಲೇಸ್ ಇನ್ ದ ಶೇಡ್' 2010ರಲ್ಲಿ ಬಂತು. ಅವರು ಜೀವಮಾನವಿಡೀ ಹೇಳಿದ ಒಂದು ಮಾತಿನ ಸಾರ ಇಷ್ಟು: ನಮ್ಮ ಹವೆಯಲ್ಲಿ ತೆರೆದ ಜಾಗನೂ ಒಂದು ಕೋಣೆನೇ. ಅಂಗಳ, ತಾರಸಿ, ಜಗಲಿಯಲ್ಲಿ ದಿನದ ಎಷ್ಟೋ ಹೊತ್ತು ಬದುಕಬಹುದು, ಅದಕ್ಕೆ ಗೋಡೆ ಛಾವಣಿಯ ಖರ್ಚು ಬೇಡ.

1960ರ ದಶಕದ ಶುರುವಲ್ಲಿ ಅಹಮದಾಬಾದಲ್ಲಿ ಅವರು ಕಟ್ಟಿದ 'ಟ್ಯೂಬ್ ಹೌಸ್' ಬರೀ 12 ಅಡಿ ಅಗಲ ಇತ್ತು. ಇಳಿಜಾರು ಛಾವಣಿಯ ತುದಿಯಲ್ಲಿ ಒಂದು ಕಿಂಡಿ. ಬಿಸಿಗಾಳಿ ಮೇಲಕ್ಕೇರಿ ಅಲ್ಲಿಂದ ಹೊರಗೆ ಹೋಗ್ತಿತ್ತು, ಕೆಳಗಿಂದ ಹೊಸ ಗಾಳಿ ಒಳಗೆ ಬರ್ತಿತ್ತು. ಎಸಿ ಬೇಡ. ನವಿ ಮುಂಬೈನ ಬೇಲಾಪುರದಲ್ಲಿ 1980ರ ದಶಕದಲ್ಲಿ ಕಟ್ಟಿದ ಮನೆಗಳಲ್ಲಿ ಯಾವ ಎರಡು ಮನೆಗೂ ಒಂದೇ ಗೋಡೆ ಇಲ್ಲ. ಕೈಯಲ್ಲಿ ದುಡ್ಡು ಬಂದಾಗ ಪಕ್ಕದವರನ್ನ ಕೇಳದೆ ಮನೆ ಬೆಳೆಸಬಹುದು ಅಂತ. ಬೆಂಗಳೂರಿನ ಕೋರಮಂಗಲದಲ್ಲಿ ತಮಗೇ ಕಟ್ಟಿಕೊಂಡ ಮನೆಯಲ್ಲೂ ನಡುವೆ ಅಂಗಳ. ನಮ್ಮ ತೊಟ್ಟಿ ಮನೆ ಕಂಡವರಿಗೆ ಇದು ಹೊಸದೇನಲ್ಲ ಅಲ್ವಾ?

ಪುಸ್ತಕಕ್ಕೂ ಮಿತಿ ಇದೆ

ಇದನ್ನೆಲ್ಲ ಓದಿ ನಾನು ಉತ್ಸಾಹದಲ್ಲಿ ತುಮಕೂರಿಗೆ ಹೋದೆ. ಮೇಸ್ತ್ರಿ ಮುಂದೆ ರ‍್ಯಾಟ್ ಟ್ರ್ಯಾಪ್ ಚಿತ್ರ ಇಟ್ಟೆ. ಅವರು ನೋಡಿ, "ಕಟ್ಟಿ ಅಭ್ಯಾಸ ಇಲ್ಲ ಸಾರ್. ಕಲಿತು ಕಟ್ಟೋಕೆ ದಿನ ಜಾಸ್ತಿ ಹಿಡಿಯುತ್ತೆ, ಆ ಕೂಲಿ ಯಾರು ಕೊಡ್ತಾರೆ?" ಅಂದ್ರು. ಕೇಳಬೇಕಾದ ಪ್ರಶ್ನೆನೇ. ಬೇಕರ್ ತಮ್ಮ ಕೆಲಸಗಾರರ ಜೊತೆ ಸೈಟಲ್ಲೇ ನಿಂತು ಕಲಿಸ್ತಿದ್ರು. ನಮ್ಮತ್ರ ಬೇಕರ್ ಇಲ್ಲ. ಇಟ್ಟಿಗೆ ಅಳತೆ ಒಂದೇ ಸಮ ಇರದಿದ್ರೂ ಈ ಗೋಡೆ ಸರಿ ಬರಲ್ಲ. ಫಿಲ್ಲರ್ ಸ್ಲ್ಯಾಬಿಗಂತೂ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಬೇಕೇ ಬೇಕು, ಪಿಡಿಎಫ್ ನೋಡಿ ಹಾಕಿಸೋ ವಿಷಯ ಅಲ್ಲ.

ನಮ್ಮ ರಾಜ್ಯದಲ್ಲೇ ಕಲಿಸೋರು ಇದ್ದಾರೆ ಅನ್ನೋದೂ ನಿಜ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದಲ್ಲಿ ಪ್ರೊಫೆಸರ್ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಒತ್ತಿದ ಮಣ್ಣಿನ ಇಟ್ಟಿಗೆ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ರು. ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ, ಯಂತ್ರದಲ್ಲಿ ಒತ್ತಿ, ನೀರುಣಿಸಿ ಗಟ್ಟಿ ಮಾಡ್ತಾರೆ, ಗೂಡಲ್ಲಿ ಸುಡೋ ಹಾಗಿಲ್ಲ. ಬೆಂಗಳೂರಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಯಾರದ್ದಾದ್ರೂ ಗೊತ್ತಿದ್ರೆ ಒಂದು ಮಳೆಗಾಲದಲ್ಲಿ ಹೋಗಿ ನೋಡಿ ಬನ್ನಿ.

ಕೊನೆಗೆ ಅಕ್ಕನ ಮನೆ ಏನಾಯ್ತು?

ಗೋಡೆ ಮಾಮೂಲಿ ಇಟ್ಟಿಗೆಯದ್ದೇ. ಎಲಿವೇಶನ್‌ಗೆ ಅಂತ ಇದ್ದ ಗಾಜು, ಕ್ಲ್ಯಾಡಿಂಗ್ ಹೋಯ್ತು. ಅಕ್ಕ ಎರಡು ದಿನ ಮಾತಾಡ್ಲಿಲ್ಲ, ಆಮೇಲೆ ಅವಳೇ ಬೇಡ ಅಂದ್ಲು. ಮೂರಡಿಯ ಎರಡು ಬಾಲ್ಕನಿ ಹೋಗಿ ಆರಡಿಯದ್ದು ಒಂದು ಬಂತು. ಮನೆ ಮಧ್ಯೆ ಮೆಟ್ಟಿಲ ಪಕ್ಕ ಆಕಾಶಕ್ಕೆ ತೆರೆದ ಪುಟ್ಟ ಜಾಗ ಬಿಟ್ರು, ಹಾಲ್‌ಗೂ ಅಡುಗೆಮನೆಗೂ ಅಲ್ಲಿಂದಲೇ ಎರಡನೇ ಬೆಳಕು. ಇದಕ್ಕೆ ಒಂದು ಕೋಣೆ ಎರಡಡಿ ಚಿಕ್ಕದಾಯ್ತು. ಪ್ಲಾನು ತಿದ್ದಿಸೋಕೆ ಬೇರೆ ಆರ್ಕಿಟೆಕ್ಟಿಗೆ ಫೀಸ್ ಕೊಟ್ವಿ, ಅಡ್ವಾನ್ಸ್ ಮೂರು ವಾರ ತಡವಾಯ್ತು. ಭಾವ ಲೆಕ್ಕ ಹಾಕಿ, "ಇಪ್ಪತ್ತು ವರ್ಷದ ಸಾಲಕ್ಕೆ ಮೂರು ವಾರ ಏನೂ ಅಲ್ಲ ಬಿಡು" ಅಂದ್ರು.

ನೀವೂ ಮನೆ ಕಟ್ಟಿಸೋ ಯೋಚನೆಯಲ್ಲಿದ್ರೆ ಇಷ್ಟು ಮಾಡಿ: ಪ್ಲಾನು ಕೈಗೆ ಬಂದಾಗ ಟೇಪ್ ಹಿಡಿದು ಸೈಟಿಗೆ ಹೋಗಿ, ಸುಣ್ಣದ ಪುಡಿಯಲ್ಲಿ ಕೋಣೆಗಳನ್ನ ನೆಲದ ಮೇಲೆ ಬರೀರಿ. ಮಂಚ ಎಲ್ಲಿ, ಒಲೆ ಎಲ್ಲಿ, ಬೆಳಗ್ಗೆ ಬಿಸಿಲು ಎಲ್ಲಿಂದ, ಅಮ್ಮ ಕೂರೋದು ಎಲ್ಲಿ ಅಂತ ಒಳಗೆ ನಿಂತು ನೋಡಿ. ಸುಣ್ಣದ ಗೆರೆ ಅಳಿಸೋಕೆ ಒಂದು ಬಕೆಟ್ ನೀರು ಸಾಕು, ಗೋಡೆ ಎದ್ದ ಮೇಲೆ ಹಾಗಾಗಲ್ಲ.

ನಿಮ್ಮ ಮನೆ ಕಟ್ಟಿದ ಅನುಭವ ಇದ್ರೆ ವಾಯ್ಸ್ ನೋಟ್ ಕಳಿಸಿ. ಮನೆ ಕಟ್ಟೋಕೆ ಹೊರಟ ಗೆಳೆಯರಿಗೆ ಈ ಸಂಚಿಕೆ ಕಳಿಸೋದು ಮರೀಬೇಡಿ.