ಆಯ್ಕೆಯೇ ಇಲ್ಲದ ಕಾಲೇಜು

ಒಂದು ಗೆರೆ ಕೊಟ್ಟಿದೆ. ಅದರ ಮೇಲೆ ಮೂರೂ ಬದಿ ಸಮನಾದ ತ್ರಿಕೋನ ಕಟ್ಟಬೇಕು. ವಿದ್ಯಾರ್ಥಿನಿ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಲ್ಲುತ್ತಾಳೆ. ಗೆರೆಯ ಒಂದು ತುದಿಯನ್ನು ಕೇಂದ್ರವಾಗಿಟ್ಟುಕೊಂಡು ಗೆರೆಯಷ್ಟೇ ತ್ರಿಜ್ಯದ ಒಂದು ವೃತ್ತ, ಇನ್ನೊಂದು ತುದಿಯಿಂದ ಅಷ್ಟೇ ದೊಡ್ಡ ಮತ್ತೊಂದು ವೃತ್ತ ಎಳೆಯುತ್ತಾಳೆ. ಎರಡೂ ಸೇರುವ ಬಿಂದುವಿನಿಂದ ತುದಿಗಳಿಗೆ ಗೆರೆ ಎಳೆದರೆ ತ್ರಿಕೋನ ಸಿದ್ಧ. ಯೂಕ್ಲಿಡ್‌ನ ‘ಎಲಿಮೆಂಟ್ಸ್’ ಗ್ರಂಥದ ಮೊತ್ತಮೊದಲ ಪ್ರಮೇಯ ಇದು, ಹೈಸ್ಕೂಲು ಮಕ್ಕಳಿಗೂ ಸಲೀಸು. ಆದರೆ ಮೇಜಿನ ಸುತ್ತ ಕೂತವರಲ್ಲಿ ಯಾರಾದರೂ ಕೇಳಬಹುದು: ಈ ಎರಡು ವೃತ್ತಗಳು ಒಂದನ್ನೊಂದು ಕತ್ತರಿಸಿಯೇ ತೀರುತ್ತವೆ ಎಂದು ಯಾರು ಹೇಳಿದರು? ಚಿತ್ರದಲ್ಲಿ ಕಾಣುತ್ತದೆ, ಸರಿ. ಯೂಕ್ಲಿಡ್ ಮೊದಲೇ ಹಾಕಿಕೊಂಡ ನಿಯಮಗಳಲ್ಲಿ ಎಲ್ಲಿದೆ? ಹುಡುಕಿದರೆ ಎಲ್ಲಿಯೂ ಇಲ್ಲ. ದೊಡ್ಡ ಗಣಿತಜ್ಞರೇ ಎತ್ತಿದ ಆಕ್ಷೇಪ ಇದು.

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಅನಾಪೊಲಿಸ್‌ನಲ್ಲಿರುವ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಪದವಿ ಓದು ಶುರುವಾಗುವುದು ಹೀಗೆ. ಗಣಿತ ಬೇಡವೆಂದು ಸಾಹಿತ್ಯಕ್ಕೆ ಬಂದವರೂ ಇದನ್ನು ಮಾಡಲೇಬೇಕು. ಏಕೆಂದರೆ ಅಲ್ಲಿ ಸಾಹಿತ್ಯದ ವಿಭಾಗವಿಲ್ಲ. ಗಣಿತದ ವಿಭಾಗವೂ ಇಲ್ಲ. ವಿಭಾಗಗಳೇ ಇಲ್ಲ.

ಲಿಬರಲ್ ಆರ್ಟ್ಸ್ ಎಂದರೆ ನಮ್ಮಲ್ಲಿ ಅನೇಕರು ‘ಆರ್ಟ್ಸ್’ ಎಂದೇ ತಿಳಿಯುತ್ತಾರೆ, ಪಿಯುಸಿಯಲ್ಲಿ ಸೈನ್ಸ್ ಸಿಗದವರ ಪಾಲಿಗೆ ಉಳಿದದ್ದು ಎಂಬ ಅರ್ಥದಲ್ಲಿ. ಮಧ್ಯಯುಗದ ಯುರೋಪಿನಲ್ಲಿ ಈ ಹೆಸರಿನಡಿ ಕಲಿಸುತ್ತಿದ್ದದ್ದು ವ್ಯಾಕರಣ, ತರ್ಕ, ವಾಕ್ಚಾತುರ್ಯಗಳ ಜೊತೆಗೆ ಅಂಕಗಣಿತ, ರೇಖಾಗಣಿತ, ಖಗೋಳ ಮತ್ತು ಸಂಗೀತ. ಏಳರಲ್ಲಿ ಮೂರು ಇಂದಿನ ಲೆಕ್ಕದಲ್ಲಿ ಸೈನ್ಸಿನ ಪಾಲಿಗೇ ಹೋಗುವಂಥವು. ಇಂದಿನ ಅಮೆರಿಕದ ಕಾಲೇಜುಗಳು ಈ ಪರಂಪರೆಯ ಹೆಸರಿನಲ್ಲಿ ‘ಕೋರ್’ ಎಂಬ ಕಡ್ಡಾಯ ಕೋರ್ಸುಗಳನ್ನು ಇಟ್ಟುಕೊಂಡಿವೆ. ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಇದು 1919ರಷ್ಟು ಹಳೆಯದು. ಬಹುತೇಕ ಕಡೆ ಕೋರ್ ಎಂದರೆ ಪದವಿಯ ಒಂದು ಭಾಗ ಮಾತ್ರ. ಸೇಂಟ್ ಜಾನ್ಸ್‌ನಲ್ಲಿ ಹೆಚ್ಚುಕಡಿಮೆ ಪದವಿಯೆಲ್ಲ ಕೋರೇ.

ಈ ಸಾಹಸ ಹುಟ್ಟಿದ್ದು ದಿವಾಳಿಯ ಅಂಚಿನಲ್ಲಿ. 1696ರ ಒಂದು ಶಾಲೆಯಿಂದ ಬೆಳೆದು 1784ರಲ್ಲಿ ಕಾಲೇಜಾದ ಸಂಸ್ಥೆ 1930ರ ದಶಕದ ನಡುವಿಗೆ ಸಾಲದಲ್ಲಿ ಮುಳುಗಿ ಮಾನ್ಯತೆಯನ್ನೂ ಕಳೆದುಕೊಂಡಿತ್ತು. ಉಳಿಸಿಕೊಳ್ಳುವುದಕ್ಕೆ ಹೆಚ್ಚೇನೂ ಇರಲಿಲ್ಲವಾದ್ದರಿಂದ ಆಡಳಿತ ಮಂಡಳಿ ಸ್ಕಾಟ್ ಬುಕ್ಯಾನನ್ ಮತ್ತು ಸ್ಟ್ರಿಂಗ್‌ಫೆಲೊ ಬಾರ್ ಎಂಬ ಇಬ್ಬರ ಕೈಗೆ ಕಾಲೇಜನ್ನು ಕೊಟ್ಟಿತು. ಆಕ್ಸ್‌ಫರ್ಡ್‌ನಲ್ಲಿ ಸ್ನೇಹಿತರಾದವರು ಇವರು. 1937ರಲ್ಲಿ ಬಾರ್ ಅಧ್ಯಕ್ಷರಾಗಿ, ಬುಕ್ಯಾನನ್ ಡೀನ್ ಆಗಿ ಹೊಸ ಪಠ್ಯಕ್ರಮ ತಂದರು. ಗಟ್ಟಿಯಾಗಿದ್ದ ಕಾಲೇಜು ಯಾವುದೂ ಇಂಥ ಪ್ರಯೋಗಕ್ಕೆ ಒಪ್ಪುತ್ತಿತ್ತೆಂದು ನಂಬುವುದು ಕಷ್ಟ.

ನಾಲ್ಕು ವರ್ಷ ಗಣಿತ. ಎರಡು ವರ್ಷ ಗ್ರೀಕ್, ಆಮೇಲೆ ಎರಡು ವರ್ಷ ಫ್ರೆಂಚ್. ಮೂರು ವರ್ಷ ವಿಜ್ಞಾನದ ಲ್ಯಾಬು. ಎರಡನೇ ವರ್ಷ ಸಂಗೀತ. ಇವುಗಳ ಜೊತೆ ಸೋಮವಾರ, ಗುರುವಾರ ರಾತ್ರಿ ಸೆಮಿನಾರು: ಇಪ್ಪತ್ತರಷ್ಟು ವಿದ್ಯಾರ್ಥಿಗಳು, ಇಬ್ಬರು ಅಧ್ಯಾಪಕರು, ಒಂದು ಪುಸ್ತಕ. ಮೊದಲ ವರ್ಷ ಹೋಮರನ ‘ಇಲಿಯಡ್’ನಿಂದ ಆರಂಭ, ಕೊನೆಯ ವರ್ಷದ ಹೊತ್ತಿಗೆ ಟಾಲ್‌ಸ್ಟಾಯ್. ಅಧ್ಯಾಪಕರಲ್ಲೊಬ್ಬರು ಒಂದು ಪ್ರಶ್ನೆ ಹಾಕಿ ಸುಮ್ಮನಾಗುತ್ತಾರೆ, ಉಪನ್ಯಾಸ ಕೊಡುವುದಿಲ್ಲ. ಒಬ್ಬರನ್ನೊಬ್ಬರು ಮಿಸ್ಟರ್, ಮಿಸ್ ಎಂದು ಮನೆತನದ ಹೆಸರಿನಿಂದಲೇ ಕರೆಯಬೇಕು. ಅಧ್ಯಾಪಕರಿಗೂ ಅದೇ ಮರ್ಯಾದೆ, ಹದಿನೆಂಟರ ಹುಡುಗನಿಗೂ ಅದೇ.

ವಿದ್ಯಾರ್ಥಿಗಳಿಗೆ ಆಯ್ಕೆ ಕಡಿಮೆ ಎನ್ನುವುದೇನೋ ನಿಜ. ಅಧ್ಯಾಪಕರಿಗೂ ಇಲ್ಲ ಎನ್ನುವುದು ಇನ್ನೂ ಸ್ವಾರಸ್ಯದ ಸಂಗತಿ. ಅಲ್ಲಿ ಪ್ರೊಫೆಸರ್ ಎಂಬ ಹುದ್ದೆಯಿಲ್ಲ, ಎಲ್ಲರೂ ಟ್ಯೂಟರುಗಳು. ತತ್ತ್ವಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿ ಬಂದವರು ಲ್ಯಾಬಿನಲ್ಲಿ ನಿಲ್ಲಬೇಕು, ಭೌತಶಾಸ್ತ್ರದವರು ಗ್ರೀಕ್ ವ್ಯಾಕರಣ ಹೇಳಿಕೊಡಬೇಕು. ಗೊತ್ತಿಲ್ಲದ್ದನ್ನು ವಿದ್ಯಾರ್ಥಿಗಳ ಎದುರಿಗೇ ಕಲಿಯುವುದು ನೌಕರಿಯ ಭಾಗ. ನಮ್ಮ ಕಾಲೇಜುಗಳ ವರ್ಕ್‌ಲೋಡ್ ಜಗಳಗಳನ್ನು ಕಂಡವರಿಗೆ ಇದು ಪವಾಡದಂತೆ ತೋರೀತು.

ಪದವಿ ಹುಡುಗರಿಗೆ ಅಗಲವಾದ ಓದು ಬೇಕೆಂಬ ಆಸೆ ಕರ್ನಾಟಕದಲ್ಲೂ ಇತ್ತು. ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ 2021–22ರಲ್ಲಿ ಮುಕ್ತ ಆಯ್ಕೆಯ ಪತ್ರಿಕೆಗಳು ಬಂದವು. ಬಿ.ಕಾಂ. ಓದುವವರು ಬೇರೆ ವಿಭಾಗದ ವಿಷಯವನ್ನೂ ತೆಗೆದುಕೊಳ್ಳಬಹುದಾಯಿತು. 2024–25ರಿಂದ ರಾಜ್ಯ ಆ ನೀತಿಯನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಆ ನೀತಿಯಲ್ಲಿದ್ದದ್ದು ತಲೆಗೊಂದು ಆಯ್ಕೆ. ಸೇಂಟ್ ಜಾನ್ಸ್‌ನದು ಪಂಕ್ತಿಯೂಟ: ಎಲ್ಲರ ಎಲೆಗೂ ಒಂದೇ ಅಡುಗೆ. ಇದರ ಫಲ ತರಗತಿಯ ಹೊರಗೆ ಕಾಣುತ್ತದೆ. ಕ್ಯಾಂಟೀನಿನಲ್ಲಿ ಎದುರು ಕೂತ ಅಪರಿಚಿತ ತನ್ನದೇ ವರ್ಷದವನಾದರೆ ಅವನೂ ಈ ವಾರ ಪ್ಲೇಟೋನನ್ನೇ ಓದುತ್ತಿರುತ್ತಾನೆ, ಮೇಲಿನ ವರ್ಷದವರೂ ಅದೇ ಹಾದಿ ಹಿಡಿದು ಬಂದವರು. ಮಾತಿಗೆ ಕೂರಲು ಪೀಠಿಕೆ ಬೇಕಿಲ್ಲ. ಕಡ್ಡಾಯದ ನಿಜವಾದ ಲಾಭ ಪುಸ್ತಕಗಳ ಪಟ್ಟಿಗಿಂತ ಈ ಹಂಚಿಕೆಯಲ್ಲಿದೆ. ಅದಕ್ಕೆ ಕಾಲೇಜು ಚಿಕ್ಕದಾಗಿರಲೇಬೇಕು. ಸೇರುವವರ ಸಂಖ್ಯೆ ಹೆಚ್ಚಾದಾಗ ಇವರು ಅನಾಪೊಲಿಸ್ ಕಾಲೇಜನ್ನು ಹಿಗ್ಗಿಸಲಿಲ್ಲ, 1964ರಲ್ಲಿ ನ್ಯೂ ಮೆಕ್ಸಿಕೊದ ಸಾಂಟಾ ಫೆಯಲ್ಲಿ ಎರಡನೆಯದನ್ನೇ ತೆರೆದರು.

ಅಂಕ ಕೊಡುತ್ತಾರೆ, ಆದರೆ ಕೇಳದೆ ತೋರಿಸುವುದಿಲ್ಲ. ಬದಲಿಗೆ ‘ಡಾನ್ ರ್‍ಯಾಗ್’ ಎಂಬುದೊಂದಿದೆ. ವಿದ್ಯಾರ್ಥಿಯನ್ನು ಕೂರಿಸಿಕೊಂಡು ಅವನ ಅಧ್ಯಾಪಕರೆಲ್ಲ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ, ಅವನು ಅಲ್ಲಿ ಇಲ್ಲವೇನೋ ಎಂಬಂತೆ. ಅವನು ಸೆಮಿನಾರಿನಲ್ಲಿ ಬಾಯಿ ಬಿಡುವುದಿಲ್ಲ, ಗ್ರೀಕ್ ಪರವಾಗಿಲ್ಲ, ಬೋರ್ಡಿನ ಹತ್ತಿರ ಚುರುಕು, ಹೀಗೆ. ಕೊನೆಗೆ, ನೀವೇನು ಹೇಳುತ್ತೀರಿ ಎಂದು ಅವನತ್ತ ತಿರುಗುತ್ತಾರೆ. ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿ ಹಾಕಿಸುವುದೇ ಇದಕ್ಕಿಂತ ಸುಲಭ ಅನ್ನಿಸಬಹುದು.

ಕೊರತೆಗಳಿಲ್ಲವೆಂದಲ್ಲ. ಡಾಕ್ಟರಾಗಬೇಕೆಂಬ ವಿದ್ಯಾರ್ಥಿ ಪದವಿಯಾದ ಮೇಲೆ ಬೇಕಾದ ವಿಜ್ಞಾನದ ಕೋರ್ಸುಗಳನ್ನು ಬೇರೆಡೆ ಮಾಡಿಕೊಳ್ಳಬೇಕಾಗುತ್ತದೆ. ಮೂಲ ಕೃತಿಯೇ ಸಾಕು, ವಿಮರ್ಶಕರ, ಇತಿಹಾಸಕಾರರ ಊರುಗೋಲು ಬೇಡ ಎಂಬ ಹಟವೂ ಎಲ್ಲ ಸಲ ಒಳ್ಳೆಯದಲ್ಲ. ಅಥೆನ್ಸಿನ ಗುಲಾಮರ ಬಗ್ಗೆ ಏನೂ ತಿಳಿಯದೆ ಅರಿಸ್ಟಾಟಲನ ‘ಪಾಲಿಟಿಕ್ಸ್’ ಓದಿದರೆ ಅರ್ಧ ಓದಿದಂತೆ. ದುಡ್ಡಿನ ಕಷ್ಟವೂ ತಪ್ಪಿಲ್ಲ: ವರ್ಷಕ್ಕೆ ಸುಮಾರು 52 ಸಾವಿರ ಡಾಲರ್ ಮುಟ್ಟಿದ್ದ ಬೋಧನಾ ಶುಲ್ಕವನ್ನು 2018ರಲ್ಲಿ 35 ಸಾವಿರಕ್ಕೆ ಇಳಿಸುವುದಾಗಿ ಪ್ರಕಟಿಸಿ, ಉಳಿದದ್ದನ್ನು ದಾನಿಗಳಿಂದ ತುಂಬಿಸಿಕೊಳ್ಳಲು ಹೊರಟರು.

ಪಟ್ಟಿ ಬಹುಪಾಲು ಯುರೋಪಿನದು ಎಂಬ ದೂರು ಹಳೆಯದು. ಕಪ್ಪು ಅಮೆರಿಕನ್ನರ ಬದುಕಿನ ಬಗ್ಗೆ ಬರೆದ ಫ್ರೆಡರಿಕ್ ಡಗ್ಲಸ್, ಡು ಬಾಯ್ಸ್ ಅಂಥವರು ಒಳಗೆ ಬಂದಿದ್ದಾರೆ. ಭಾರತ ಮತ್ತು ಚೀನಾದ ಪಾಲಿಗೆ ಸಾಂಟಾ ಫೆಯಲ್ಲಿ ಪ್ರತ್ಯೇಕ ಸ್ನಾತಕೋತ್ತರ ಪದವಿಯೇ ಇದೆ. ಮಹಾಭಾರತ, ಕಾಳಿದಾಸ, ಕನ್‌ಫ್ಯೂಷಿಯಸ್ ಅಲ್ಲಿ ಓದಿಗೆ ಬರುತ್ತಾರೆ, ಅದೇ ಮೇಜು, ಅದೇ ಪ್ರಶ್ನೆಯ ಪದ್ಧತಿಯಲ್ಲಿ. ಅಲ್ಲಿ ಸೇರಿದವರಿಗೆ ಭಾಷೆಯ ವಿಷಯದಲ್ಲಿ ಒಂದು ಆಯ್ಕೆಯುಂಟು: ಸಂಸ್ಕೃತ ಇಲ್ಲವೇ ಪ್ರಾಚೀನ ಚೀನೀ ಭಾಷೆ, ಎರಡರಲ್ಲಿ ಒಂದನ್ನು ಕಲಿಯಬೇಕು.