ಭೌತಶಾಸ್ತ್ರ ಕಲಿಸುವವರಾಗಲು ಏನು ಓದಬೇಕು?

ಭೌತಶಾಸ್ತ್ರ ಕಲಿಸುವ ಆಸೆಯಿದ್ದರೆ, ಯಾವ ತರಗತಿಯ ಮಕ್ಕಳಿಗೆ ಎಂಬುದನ್ನು ಮೊದಲೇ ಯೋಚಿಸಿಕೊಳ್ಳಿ. ಓದಿನ ದಾರಿ ಅಲ್ಲಿಂದಲೇ ಕವಲೊಡೆಯುತ್ತದೆ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಭೌತಶಾಸ್ತ್ರಕ್ಕೆಂದೇ ಬೇರೆ ಹುದ್ದೆ ಇರುವುದಿಲ್ಲ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರಾಗಿ ನೇಮಕಗೊಂಡವರು ಗಣಿತ, ವಿಜ್ಞಾನ ಎರಡನ್ನೂ ನೋಡಿಕೊಳ್ಳುತ್ತಾರೆ. ಭೌತಶಾಸ್ತ್ರವೊಂದನ್ನೇ ಕಲಿಸುವ ಭಾಗ್ಯ ಪಿಯುಸಿಯಿಂದ ಮೇಲಕ್ಕೆ.

ಪ್ರೌಢಶಾಲೆಗಾದರೆ ರೂಢಿಯ ದಾರಿ ಮೂರು ವರ್ಷದ ಬಿ.ಎಸ್ಸಿ., ಆಮೇಲೆ ಬಿ.ಎಡ್. ಮೊದಲು ಒಂದೇ ವರ್ಷವಿದ್ದ ಬಿ.ಎಡ್. 2015ರಿಂದ ಎರಡು ವರ್ಷದ್ದಾಗಿದೆ. ಪಿಯುಸಿ ಮುಗಿಸಿದ ಕೂಡಲೇ ಮನಸ್ಸು ಗಟ್ಟಿಯಾಗಿದ್ದವರಿಗೆ ಪದವಿ ಮತ್ತು ಶಿಕ್ಷಕ ತರಬೇತಿ ಒಟ್ಟಿಗೇ ಸಿಗುವ ನಾಲ್ಕು ವರ್ಷದ ಸಂಯೋಜಿತ ಕೋರ್ಸ್ ಇದೆ. ಒಂದು ವರ್ಷ ಉಳಿಯುತ್ತದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಈ ಬಗೆಯ ಓದಿಗೆ ದಶಕಗಳಿಂದ ಹೆಸರಾದದ್ದು. ಇದೇ ಮಾದರಿಯ ಹೊಸ ಐಟಿಇಪಿ ಕೋರ್ಸ್‌ಗೆ ಎನ್‌ಸಿಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಪಿಯು ಉಪನ್ಯಾಸಕರಾಗಲು ಶೇ. 55 ಅಂಕಗಳ ಎಂ.ಎಸ್ಸಿ. ಜೊತೆಗೆ ಬಿ.ಎಡ್. ಕೇಳುತ್ತಾರೆ. ಪದವಿ ಕಾಲೇಜಿಗೆ ಬಿ.ಎಡ್. ಬೇಡ, ಎಂ.ಎಸ್ಸಿ. ಆದಮೇಲೆ ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾಗಬೇಕು.

ಬಿ.ಎಡ್. ಅನ್ನು ಬರೀ ಸರ್ಟಿಫಿಕೇಟಿಗಾಗಿ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಲೆಕ್ಕ ಬಿಡಿಸುವುದನ್ನು ಬಿ.ಎಸ್ಸಿ. ಕಲಿಸುತ್ತದೆ, ಮಗು ಎಲ್ಲಿ ಎಡವುತ್ತದೆ, ಯಾಕೆ ಎಡವುತ್ತದೆ ಎಂದು ಗುರುತಿಸಲು ಬೇರೆಯದೇ ತಯಾರಿ ಬೇಕು. ಮೇಲಕ್ಕೆಸೆದ ಚೆಂಡಿನ ಮೇಲೆ ಅದರ ತುತ್ತತುದಿಯಲ್ಲಿ ಎಷ್ಟು ಬಲವಿದೆ ಎಂದು ಕೇಳಿ ನೋಡಿ. ಚೆಂಡು ಆ ಕ್ಷಣ ನಿಂತಿರುವುದರಿಂದ ಬಲ ಸೊನ್ನೆ ಎನ್ನುವ ಮಕ್ಕಳು ತುಂಬ ಇರುತ್ತಾರೆ. ‘ತಪ್ಪು, ಗುರುತ್ವ ಇದ್ದೇ ಇದೆ’ ಎಂದು ಮುಂದೆ ಹೋದರೆ ಮಗು ಉತ್ತರ ಬರೆದುಕೊಳ್ಳುತ್ತದೆಯೇ ಹೊರತು ನಂಬುವುದಿಲ್ಲ. ‘ಬಲವೇ ಇಲ್ಲದಿದ್ದರೆ ಚೆಂಡು ಮತ್ತೆ ಕೆಳಗಿಳಿದದ್ದು ಹೇಗೆ?’ ಎಂದು ಕೇಳಿ ಸುಮ್ಮನೆ ಕಾಯಬೇಕು. ವಿದ್ಯುತ್ ಪ್ರವಾಹವನ್ನು ಬಲ್ಬು ತಿಂದುಬಿಡುತ್ತದೆ ಎಂಬ ನಂಬಿಕೆಯೂ ಹಾಗೆಯೇ. ಬಲ್ಬಿನ ಹಿಂದೊಂದು ಮುಂದೊಂದು ಅಮ್ಮೀಟರ್ ಜೋಡಿಸಿ ಎರಡರಲ್ಲೂ ಒಂದೇ ಅಳತೆ ತೋರಿಸಿದರೆ ಅರ್ಧ ಗಂಟೆಯ ಮಾತು ಉಳಿಯುತ್ತದೆ. ಹಾಗೆ ತೋರಿಸಬೇಕಾದರೆ ಪದವಿಯಲ್ಲಿ ಪ್ರಾಕ್ಟಿಕಲ್ ರೆಕಾರ್ಡನ್ನು ಇನ್ನೊಬ್ಬರದ್ದು ನೋಡಿ ಬರೆದಿರಬಾರದು.

ಎರಡು ವರ್ಷದ ಬಿ.ಎಡ್.ನಲ್ಲಿ ಸುಮಾರು ಇಪ್ಪತ್ತು ವಾರ ಶಾಲೆಯಲ್ಲೇ ಇರಬೇಕು. ಕಾಲೇಜು ಆರಿಸುವಾಗ ಆ ದಿನಗಳ ಬಗ್ಗೆ ಹಳೆಯ ವಿದ್ಯಾರ್ಥಿಗಳನ್ನು ವಿಚಾರಿಸಿ: ಯಾವ ಶಾಲೆಗೆ ಕಳಿಸುತ್ತಾರೆ, ಪ್ರಾಧ್ಯಾಪಕರು ಬಂದು ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳುತ್ತಾರೆಯೇ, ಪ್ರಯೋಗ ಮಾಡಿಸಲು ಬಿಡುತ್ತಾರೆಯೇ. ಕನ್ನಡ ಮಾಧ್ಯಮದಲ್ಲಿ ಕಲಿಸುವವರಿದ್ದರೆ ಎಂಟರಿಂದ ಹತ್ತರವರೆಗಿನ ವಿಜ್ಞಾನ ಪಠ್ಯಪುಸ್ತಕಗಳನ್ನು ಆ ಶಾಲೆಗೆ ಹೋಗುವ ಮುಂಚೆಯೇ ಕನ್ನಡದಲ್ಲಿ ಓದಿ ಮುಗಿಸಿ.